ಎತ್ತು, ಖೋಜಾ ಮತ್ತು ಗ್ರಂಥಿರಸ



ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗಾಗಲಿ, ನೈರುತ್ಯಕ್ಕೆ ಬಬಲೇಶ್ವರದ ಕಡೆಗಾಗಲಿ ಪಯಣಿಸಿದವರು ದಾರಿಯ ಇಕ್ಕೆಲಗಳಲ್ಲಿಯೂ ಎರೆಭೂಮಿಯನ್ನು ಕಂಡಿರಬಹುದು. ಟ್ರ್ಯಾಕ್ಟರು ಬರುವುದಕ್ಕೆ ಮುಂಚೆ ಈ ಬಿರುಸಾದ ನೆಲವನ್ನು ಉಳುವ ಭಾರವೆಲ್ಲವೂ ಎತ್ತುಗಳ ಹೆಗಲ ಮೇಲೆಯೇ ಇದ್ದಿತು. ಹೋರಿಗೆ ಬೀಜ ಒಡೆಸಿದರೆ ಅದರ ಮದವಡಗಿ ನೊಗಕ್ಕೆ ಒಗ್ಗುವುದೆಂಬುದನ್ನು ನಮ್ಮ ರೈತನು ಬಹು ಪುರಾತನ ಕಾಲದಿಂದಲೂ ಬಲ್ಲನು. ಅದು ಏಕೆ ಹಾಗಾಗುವುದೆಂದು ವಿಚಾರಿಸುವ ಅವಶ್ಯಕತೆ ಅವನಿಗೆ ಬಿದ್ದಿರಲಿಲ್ಲ.

ಇದೇ ಅರೆಯರಿವನ್ನು ಅರಸರು ಮನುಷ್ಯರ ಮೇಲೆಯೂ ಪ್ರಯೋಗಿಸಿದರು. ಬಾಲ್ಯದಲ್ಲಿಯೇ ವೃಷಣಗಳನ್ನು ಕಳೆದುಕೊಂಡ ಖೋಜಾಗಳು ಅನೇಕ ಆಸ್ಥಾನಗಳಲ್ಲಿದ್ದರು; ಅಂತಃಪುರದ ಕಾವಲು ಅವರದಾಗಿದ್ದಿತು. ಸಂತಾನವಿಲ್ಲದವನಿಗೆ ಸ್ವಂತ ವಂಶದ ಆಸೆಯಿರದು, ಅವನು ಎತ್ತಿನಂತೆ ವಿಧೇಯನಾಗಿರುವನು ಎಂಬುದು ಒಡೆಯರ ನಂಬಿಕೆ. ಈ ನಂಬಿಕೆಗೆ ವಿಜಯಪುರದಲ್ಲಿಯೇ ಭಯಂಕರವಾದ ಒಂದು ಉತ್ತರ ದೊರೆಯಿತು.

1565ರ ಮಹಾಯುದ್ಧದಲ್ಲಿ ವಿಜಯನಗರದ ವಿರುದ್ಧ ಹೋರಾಡಿದವರಲ್ಲೊಬ್ಬನಾದ ಒಂದನೆಯ ಅಲಿ ಆದಿಲ್ ಶಹನು, ರೂಪವಂತರೆಂದು ಹೆಸರಾಗಿದ್ದ ಇಬ್ಬರು ಖೋಜಾಗಳನ್ನು ತನಗೆ ಒಪ್ಪಿಸಬೇಕೆಂದು ಬೀದರಿನ ಅಲಿ ಬರೀದನನ್ನು ಕೇಳಿದನು. ಬರೀದನು ಮೊದಲು ಒಪ್ಪಲಿಲ್ಲ. ಅಹಮದನಗರದ ಸೈನ್ಯವು ಬೀದರನ್ನು ಮುತ್ತಿದಾಗ ಅವನಿಗೆ ವಿಜಯಪುರದ ನೆರವು ಬೇಕಾಯಿತು; ಆ ನೆರವಿಗೆ ಬೆಲೆಯಾಗಿ ಅವರಿಬ್ಬರೂ ಒಡವೆಗಳಂತೆ ಕೈಬದಲಾದರು. 1580ರಲ್ಲಿ ಅವರಲ್ಲೊಬ್ಬನು, ಏಕಾಂತದಲ್ಲಿ ತನ್ನನ್ನು ಬಯಸಿದ ಸುಲ್ತಾನನನ್ನು ಬಚ್ಚಿಟ್ಟುಕೊಂಡಿದ್ದ ಕತ್ತಿಯಿಂದ ಇರಿದು ಕೊಂದನು.

ಈ ಕಥೆಯನ್ನು ಬರೆದಿಟ್ಟ ಫಿರಿಸ್ತಾನು 1589ರಲ್ಲಿ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿದ್ದವನು. ಅವನು ಚರಿತ್ರಕಾರನು ಮಾತ್ರವಲ್ಲ. ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ 'ದಸ್ತೂರ್-ಉಲ್-ಅತಿಬ್ಬಾ' ಎಂಬ ಗ್ರಂಥವನ್ನೂ ರಚಿಸಿದನು. ಆದರೆ ಖೋಜಾನ ದೇಹದಿಂದ ತೆಗೆದುಹಾಕಿದುದು ಏನೆಂಬುದನ್ನು ಅಂದಿನ ಯಾವ ವೈದ್ಯನೂ ಹೇಳಲಾರದವನಾಗಿದ್ದನು. ಗಳಗಂಡ, ಮಧುಮೇಹಗಳ ಲಕ್ಷಣಗಳನ್ನು ಆಯುರ್ವೇದವು ವರ್ಣಿಸಿದ್ದಿತು. ಗ್ರಂಥಿಗಳು ರಕ್ತಕ್ಕೆ ಒಪ್ಪಿಸುವ ರಸಗಳು ಮಾತ್ರ ಇನ್ನೂ ಅಜ್ಞಾತವಾಗಿದ್ದವು.

ಉತ್ತರದ ಮೊದಲ ಸುಳಿವು ಕೋಳಿಯಿಂದ ಬಂದಿತು. 1849ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಬರ್ತೋಲ್ಡ್ ಎಂಬ ಪಂಡಿತನು ಆರು ಹುಂಜದ ಮರಿಗಳನ್ನು ತೆಗೆದುಕೊಂಡು ಪರೀಕ್ಷೆ ನಡೆಸಿದನು. ವೃಷಣಗಳನ್ನು ಕಳೆದುಕೊಂಡವು ಕೂಗನ್ನೂ ಕಾಳಗವನ್ನೂ ಮರೆತುವು. ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟ ಮರಿಗಳಾದರೋ ನಿಜವಾದ ಹುಂಜಗಳಾಗಿಯೇ ಬೆಳೆದುವು. ನರದ ಸಂಬಂಧ ಕಡಿದಿದ್ದರೂ ಗುಣವುಳಿದುದರಿಂದ, ಆ ಪ್ರಭಾವವು ರಕ್ತದ ಮೂಲಕವೇ ಹರಿಯಬೇಕೆಂದು ಅವನು ನಿರ್ಣಯಿಸಿದನು. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬವರು, ಸಣ್ಣ ಕರುಳಿನಿಂದ ಹೊರಟ ರಸವೊಂದು ರಕ್ತದಲ್ಲಿ ಸಾಗಿ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವುದನ್ನು ತೋರಿಸಿದರು. ಇಂತಹ ದೂತರಸಗಳಿಗೆ ಸ್ಟಾರ್ಲಿಂಗನು 1905ರಲ್ಲಿ ಹಾರ್ಮೋನು ಎಂಬ ಹೆಸರನ್ನು ಬಳಸಿದನು. ಗ್ರೀಕ್ ಮೂಲದಲ್ಲಿ ಇದಕ್ಕೆ ಪ್ರಚೋದಿಸುವುದು ಎಂದರ್ಥ. ಕೊನೆಗೆ 1935ರಲ್ಲಿ ಆಮ್ಸ್ಟರ್ಡಾಮಿನ ಶಾಸ್ತ್ರಜ್ಞರು ಗೂಳಿಯ ವೃಷಣಗಳಿಂದ ಟೆಸ್ಟೋಸ್ಟಿರೋನನ್ನು ಬೇರ್ಪಡಿಸಿದರು. ತಿಕೋಟಾದ ರೈತನು ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಉತ್ತರವು ಹೀಗೆ ಗೂಳಿಯಲ್ಲಿಯೇ ದೊರೆಯಿತು.

ಈ ರಸವಿಲ್ಲದೆ ಬೆಳೆದ ಬಾಲಕನ ದನಿ ಒಡೆಯದು, ಗಡ್ಡ ಮೂಡದು. ಎಲುಬುಗಳ ತುದಿ ಸಕಾಲದಲ್ಲಿ ಕೂಡಿಕೊಳ್ಳದೆ ಕೈಕಾಲುಗಳು ನೀಳವಾಗುವುವು. ಮುಂದೆ ಎಲುಬುಗಳು ಶಿಥಿಲವಾಗುವುವು. ಇವೆಲ್ಲವೂ ಗ್ರಂಥಿಯ ಕಾರ್ಯಗಳು. ಆದರೆ ನಮ್ಮ ದೇಹದಲ್ಲಿರುವುದು ಅದೊಂದೇ ಗ್ರಂಥಿಯಲ್ಲ. ಮಿದುಳಿನ ಬುಡದಲ್ಲಿ ಪಿಟ್ಯುಟರಿ, ಕೊರಳಿನಲ್ಲಿ ಥೈರಾಯಿಡ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಗ್ರಂಥಿಗಳಿವೆ. ಭಯ ಕೋಪಗಳ ವೇಳೆಯಲ್ಲಿ ಹೃದಯವನ್ನು ಬಡಿದೆಬ್ಬಿಸುವ ಅಡ್ರಿನಲಿನ್ ಈ ಕಡೆಯವುಗಳಿಂದ ಹೊರಡುವುದು. ಖೋಜಾನಲ್ಲಿ ಅವು ಹಾಗೆಯೇ ಉಳಿದಿದ್ದವು. ಎಲ್ಲಕ್ಕೂ ಮಿಗಿಲಾಗಿ, ತನಗಾದುದನ್ನು ನೆನೆಯುವ ಮನಸ್ಸು ಉಳಿದಿತ್ತು.

ಮಹಾಶಯರೇ, ಗ್ರಂಥಿಯನ್ನು ಕಳೆದವನಲ್ಲಿ ಮಾನವೂ ಕಳೆಯುವುದೆಂದು ಅರಸರು ಎಣಿಸಿದುದೇ ತಪ್ಪು. ಗ್ರಂಥಿರಸಗಳು ಈಗ ಔಷಧಗಳಾಗಿ ದೊರೆಯುತ್ತವೆ. ಪ್ರಾಯಕ್ಕೆ ಬಾರದ ಬಾಲಕನಿಗೂ ಮಧುಮೇಹಿಗೂ ಅವುಗಳಿಂದ ಚಿಕಿತ್ಸೆಯುಂಟು. ಆದರೂ ಇಂಥವನ ದನಿಯನ್ನೋ ಮೈಕಟ್ಟನ್ನೋ ಕಂಡು ನಗುವವರು ನಮ್ಮೊಳಗಿನ್ನೂ ಇದ್ದಾರೆ. ಅಂಥವರು ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟವನ್ನು ನೋಡಿ ಹಿಂದಿರುಗದೆ, ಅದೇ ಊರಿನಲ್ಲಿರುವ ಅಲಿಯ ಸರಳವಾದ ಸಮಾಧಿಯ ಬಳಿಯಲ್ಲಿಯೂ ಒಂದು ಗಳಿಗೆ ನಿಲ್ಲಲಿ.