ರೂವಾರಿ ಮಲ್ಲಿತಮ್ಮ

ಹೊಯ್ಸಳರ ಕಾಲದ ಶಿಲ್ಪಿ. 12ನೇ ಶತಮಾನದ ಕೊನೆಯಿಂದ 13ನೇ ಶತಮಾನದ ನಡುಭಾಗದವರೆಗೆ ಕಟ್ಟಿದ ಹಲವು ಗುಡಿಗಳಲ್ಲಿ ಈತನ ಕೆಲಸವಿದೆ. ಈತನ ಬದುಕಿಗೆ ಇರುವ ಮುಖ್ಯ ಆಧಾರ, ವಿಗ್ರಹಗಳ ಪೀಠದಲ್ಲಿ ಕೊರೆದ ಹೆಸರು.

ಶಿಲ್ಪಿಗಳು ಹೆಸರು ಕೊರೆಯುವುದು ಈತನಿಂದ ಶುರುವಾದದ್ದಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ದ್ವಾರಪಾಲಕನನ್ನು ಕಡೆದ ಕಾಳಿದಾಸಿಯೂ ತನ್ನ ಹೆಸರು ಉಳಿಸಿದ್ದಾನೆ. ಬೇಲೂರಿನವರ ಬರಹದಲ್ಲಿ ಊರು, ತಂದೆಯ ಹೆಸರು, ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕುವ ಬಿರುದು ಎಲ್ಲವೂ ಉಂಟು. ಮಲ್ಲಿತಮ್ಮನಿಗೆ ಆ ಗೀಳಿಲ್ಲ. ಎಷ್ಟೋ ಕಡೆ ಬರೀ ‘ಮಲ್ಲಿ’, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಹಿಂದಿನವರದು ಹೆಮ್ಮೆಯ ಘೋಷಣೆಯಾದರೆ ಈತನದು ಮುಗಿಸಿದ ಕೆಲಸದ ಗುರುತಿನಂತೆ ಕಾಣುತ್ತದೆ. ಒಂದು ಗುಡಿಗೆ ಹತ್ತಾರು ಕೈಗಳು ದುಡಿಯುತ್ತಿದ್ದಾಗ ಯಾರದು ಯಾವುದು ಎಂದು ತಿಳಿಯಲು ಇಷ್ಟೇ ಸಾಕಿತ್ತೇನೋ.

ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ಗುಡಿಯ ಗುಮ್ಮಟದಂಥ ಒಳಛಾವಣಿಗಳೇ ಈತನ ಮೊದಲ ಕೆಲಸ ಎನ್ನುತ್ತಾರೆ. ಕೈ ಪಳಗಿದ ಮೇಲಿನ ಕೆಲಸವನ್ನು ಅರಸೀಕೆರೆ ತಾಲ್ಲೂಕಿನಲ್ಲಿ ನೋಡಬಹುದು. ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಇಬ್ಬರು ತಮ್ಮಂದಿರಾದ ಸೋವಣ್ಣ, ಕೇಸಣ್ಣ ಸೇರಿ 1235ರ ಸುಮಾರಿಗೆ ಕಟ್ಟಿಸಿದರು. ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿ 13ನೇ ಶತಮಾನದ ನಡುಭಾಗದ್ದು. ಹಳೇಬೀಡಿನ ಗೋಡೆಯ ಬುಡದಲ್ಲಿ ಎಂಟು ಪಟ್ಟಿಕೆಗಳಿದ್ದರೆ ಈ ಗುಡಿಗಳಲ್ಲಿ ಆರು: ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಅವುಗಳ ಮೇಲೆ ದೇವತೆಗಳ ಸಾಲು. ಅಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಒಡವೆಯ ಮಣಿಮಣಿಯನ್ನೂ ಬಿಡಿಸುವುದು ಮಲ್ಲಿತಮ್ಮನ ಬಲ. ಅಲಂಕಾರದ ಭರದಲ್ಲಿ ಮೈಕಟ್ಟಿನ ಚೈತನ್ಯ ಕೆಲವೊಮ್ಮೆ ಸೊರಗುತ್ತದೆ. ಬೇಲೂರಿನ ಮದನಿಕೆಯರ ಬಾಗುಬಳುಕು ಇಲ್ಲಿಲ್ಲ.

ಈತನ ಬಲವನ್ನೂ ಕೊರತೆಯನ್ನೂ ಅಳೆಯಲು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯೇ ಸರಿಯಾದ ಜಾಗ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ತೆಂಕಣ ಗೋಡೆ ಬೈಚೋಜನದು, ಬಡಗಣ ಗೋಡೆ ಮಲ್ಲಿತಮ್ಮನದು. ಒಂದು ಸುತ್ತು ಬಂದರೆ ಇಬ್ಬರ ಕೈಯನ್ನೂ ಹೋಲಿಸಬಹುದು.

ಸೋಮ ದಂಡನಾಯಕ ಕಟ್ಟಿಸಿದ ಸೋಮನಾಥಪುರದ ಕೇಶವ ಗುಡಿ (1258) ಈತನ ಹೆಸರು ಅತಿ ಹೆಚ್ಚು ಬಾರಿ ಸಿಗುವ ಜಾಗ. ಸುಮಾರು 40 ವಿಗ್ರಹಗಳ ಕೆಳಗೆ ಅದಿದೆ. ಮಸಣಿತಮ್ಮ, ಚೌಡೆಯ, ಬಾಲೆಯ ಮೊದಲಾದವರೂ ಅಲ್ಲಿದ್ದಾರೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 20ನೇ ಶತಮಾನದ ಮೊದಲ ದಶಕಗಳಲ್ಲಿ ಇಂಥ ಹೆಸರುಗಳನ್ನು ಓದಿ ಪ್ರಕಟಿಸಿದ್ದರಿಂದ ಇವರು ಚರಿತ್ರೆಗೆ ಬಂದರು.

ಅಮೃತಾಪುರದಿಂದ ಸೋಮನಾಥಪುರಕ್ಕೆ 60 ವರ್ಷ ಮಿಕ್ಕ ಅಂತರ. ಇಪ್ಪತ್ತರಲ್ಲಿ ಉಳಿ ಹಿಡಿದವನಿಗೆ ಕೊನೆಗೆ ಎಂಬತ್ತು ದಾಟಿರಬೇಕು. ಆ ವಯಸ್ಸಿನಲ್ಲಿ 40 ವಿಗ್ರಹಗಳನ್ನು ಒಬ್ಬನೇ ಕಡೆದನೆನ್ನುವುದಕ್ಕಿಂತ, ಶಿಷ್ಯರ ಕೆಲಸಕ್ಕೂ ಯಜಮಾನನ ಹೆಸರು ಬಿದ್ದಿರಬಹುದು ಅಥವಾ ಅದೇ ಹೆಸರಿನವರು ಇಬ್ಬರಿದ್ದರು ಎನ್ನುವುದು ಹೆಚ್ಚು ನಂಬುವಂತಿದೆ.