ಪ್ರಿಪೇರ್ಡ್ ಪಿಯಾನೊ

ಪ್ರಿಪೇರ್ಡ್ ಪಿಯಾನೊ: ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ನಟ್ಟು, ರಬ್ಬರಿನ ತುಂಡು ಮೊದಲಾದವನ್ನು ಸಿಕ್ಕಿಸಿ ನಾದವನ್ನು ಮಾರ್ಪಡಿಸಿದ ಪಿಯಾನೊ. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ (1912-1992) ಇದನ್ನು 1940ರಲ್ಲಿ ರೂಪಿಸಿದ. ನುಡಿಸುವವರು ಎಂದಿನಂತೆ ಕೀಗಳ ಮುಂದೆ ಕುಳಿತು ಬೆರಳಾಡಿಸುತ್ತಾರೆ. ಕೇಳಿಬರುವುದು ಮಾತ್ರ ಗಂಟೆಯ ನಾದ, ಮರ ಬಡಿದ ಸದ್ದು, ಲೋಹದ ಕಿಣಿಕಿಣಿ. ಒಂದು ಇಡೀ ತಾಳವಾದ್ಯ ಮೇಳವನ್ನು ಒಬ್ಬರ ಎರಡು ಕೈಗಳಿಗೆ ಒಪ್ಪಿಸಿದ್ದು ಇದರ ಹೆಗ್ಗಳಿಕೆ.

ಹಿನ್ನೆಲೆ

ಪಿಯಾನೊದ ಒಡಲೊಳಗೆ ಕೈಯಿಟ್ಟವರಲ್ಲಿ ಕೇಜ್ ಮೊದಲಿಗನಲ್ಲ. ಈತನ ಗುರುಗಳಲ್ಲೊಬ್ಬನಾದ ಹೆನ್ರಿ ಕೋವೆಲ್ 'ಈಯೋಲಿಯನ್ ಹಾರ್ಪ್' (1923), 'ದ ಬ್ಯಾನ್‌ಶೀ' (1925) ಎಂಬ ಕೃತಿಗಳಲ್ಲಿ ತಂತಿಗಳನ್ನೇ ನೇರವಾಗಿ ಬೆರಳಿನಿಂದ ಸವರಿ ನುಡಿಸುವ ಕ್ರಮ ತಂದಿದ್ದ. ಕೇಜ್ 1930ರ ದಶಕದ ಕೊನೆಯಲ್ಲಿ ಸಿಯಾಟಲ್ ನಗರದ ಕಾರ್ನಿಶ್ ಶಾಲೆಯಲ್ಲಿ ನೃತ್ಯಕ್ಕೆ ಸಂಗೀತ ಒದಗಿಸುತ್ತ, ತಾಳವಾದ್ಯಗಳ ಮೇಳವೊಂದನ್ನು ನಡೆಸುತ್ತಿದ್ದ. ಮೋಟಾರು ಗಾಡಿಯ ಬ್ರೇಕ್ ಡ್ರಮ್ಮುಗಳು, ತಗಡಿನ ಹಾಳೆಗಳು ಆ ಮೇಳದಲ್ಲಿ ವಾದ್ಯಗಳಾಗಿದ್ದವು.

ಉಗಮ

1940ರಲ್ಲಿ ನರ್ತಕಿ ಸಿವಿಲ್ಲಾ ಫೋರ್ಟ್ ತನ್ನ 'ಬಕನಾಲ್' ನೃತ್ಯಕ್ಕೆ ಸಂಗೀತ ಕೇಳಿದಳು. ಅದಕ್ಕೆ ತಾಳವಾದ್ಯಗಳೇ ಒಪ್ಪುತ್ತವೆಂದು ಕೇಜ್‌ಗೆ ಅನ್ನಿಸಿತು. ಆದರೆ ರಂಗಸ್ಥಳ ಚಿಕ್ಕದು, ಒಂದು ಪಿಯಾನೊ ಬಿಟ್ಟರೆ ಬೇರೆ ವಾದ್ಯಗಳಿಗೆ ಜಾಗವಿರಲಿಲ್ಲ. ತಪ್ಪು ತನ್ನದಲ್ಲ, ಪಿಯಾನೊದ್ದು ಎಂದುಕೊಂಡ ಆತ ಅದನ್ನೇ ಬದಲಿಸಲು ಹೊರಟ. ಮೊದಲು ತಂತಿಗಳ ಮೇಲೆ ತಗಡಿನ ತಟ್ಟೆಯೊಂದನ್ನಿಟ್ಟ. ನಾದ ಹಿಡಿಸಿತು, ಆದರೆ ತಟ್ಟೆ ಕುಣಿದು ಅತ್ತಿತ್ತ ಸರಿಯುತ್ತಿತ್ತು. ಮೊಳೆ ಸಿಕ್ಕಿಸಿದರೆ ಅದು ತಂತಿಗಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಕೊನೆಗೆ ಸ್ಕ್ರೂ ಮತ್ತು ಬೋಲ್ಟಿನ ಮರೆಗಳು ತಂತಿಗಳನ್ನು ಕಚ್ಚಿ ಹಿಡಿದವು. 'ಬಕನಾಲ್' ಕೃತಿಗೆ 12 ಸ್ವರಗಳನ್ನಷ್ಟೇ ಹೀಗೆ ಸಜ್ಜುಗೊಳಿಸಬೇಕು.

ನಾದದ ಬಗೆ

ಪಿಯಾನೊದ ಹೆಚ್ಚಿನ ಸ್ವರಗಳಿಗೆ ಒಂದೇ ಶ್ರುತಿಗೆ ಬಿಗಿದ ಮೂರು ಮೂರು ತಂತಿಗಳಿರುತ್ತವೆ. ಅವುಗಳ ನಡುವೆ ಬೋಲ್ಟು ಸೇರಿದಾಗ ತಂತಿಯ ತೂಕ ಒಂದೆಡೆ ಹೆಚ್ಚುತ್ತದೆ. ಮೂಲಸ್ವರದೊಡನೆ ಕೇಳಿಬರುವ ಉಪಸ್ವರಗಳ ನಡುವಿನ ಅನುಪಾತ ಕದಲಿ, ಗಂಟೆಯಂಥ ನಾದ ಹುಟ್ಟುತ್ತದೆ. ರಬ್ಬರು ಕಂಪನವನ್ನು ಹೀರಿಕೊಳ್ಳುವುದರಿಂದ ಸದ್ದು ಮೊಟಕಾಗಿ, ಮರ ತಟ್ಟಿದಂತಾಗುತ್ತದೆ. ಬೋಲ್ಟಿನ ಮೇಲೆ ಸಡಿಲವಾಗಿ ನಿಂತ ನಟ್ಟು ತಂತಿಯೊಡನೆ ಅದುರಿ ಕಿಣಿಗುಟ್ಟುತ್ತದೆ. ಎಡ ಪೆಡಲ್ ಒತ್ತಿದರೆ ಒಳಗಿನ ಸುತ್ತಿಗೆ ಪಕ್ಕಕ್ಕೆ ಸರಿದು ಮೊದಲ ತಂತಿಯನ್ನು ಬಿಟ್ಟುಬಿಡುತ್ತದೆ. ವಸ್ತುವನ್ನು ಎರಡನೆಯ ಮತ್ತು ಮೂರನೆಯ ತಂತಿಗಳ ನಡುವೆ ಸಿಕ್ಕಿಸಿದ್ದರೆ ಒಂದೇ ಕೀಯಿಂದ ಎರಡು ಬಗೆಯ ನಾದ ಹೊರಡಿಸಲು ಹೀಗೆ ಸಾಧ್ಯವಾಗುತ್ತದೆ.

ವಸ್ತುವಿನ ಜಾಗವೂ ಅಷ್ಟೇ ಮುಖ್ಯ. ತಂಬೂರಿಯ ಕುದುರೆಯ ಮೇಲೆ ಜೀವಾಳದ ನೂಲು ತುಸು ಸರಿದರೂ ಝೇಂಕಾರ ಬದಲಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಕೇಜ್ ಸ್ವರಲಿಪಿಯ ಜೊತೆಗೆ ಒಂದು ಪಟ್ಟಿಯನ್ನೂ ಕೊಡುತ್ತಾನೆ: ಯಾವ ಸ್ವರಕ್ಕೆ ಯಾವ ವಸ್ತು, ಯಾವ ತಂತಿಗಳ ನಡುವೆ, ತಂತಿಯ ಕಂಪನ ತಡೆಯುವ ಡ್ಯಾಂಪರಿನಿಂದ ಎಷ್ಟು ಅಂಗುಲ ದೂರದಲ್ಲಿ ಎಂಬುದು ಅದರಲ್ಲಿರುತ್ತದೆ. ತಕ್ಕ ದಪ್ಪದ ವಸ್ತುಗಳನ್ನು ಎಚ್ಚರದಿಂದ ಸೇರಿಸಿ ತೆಗೆದರೆ ವಾದ್ಯಕ್ಕೆ ಹಾನಿಯಿಲ್ಲ. ಪಿಯಾನೊ ಮತ್ತೆ ಮೊದಲಿನಂತೆ ನುಡಿಯುತ್ತದೆ.

ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್

1946-48ರ ನಡುವೆ ರಚಿತವಾದ ಇದು ಈ ವಾದ್ಯದ ಮೇರುಕೃತಿ. ಇದರಲ್ಲಿ 16 ಸೊನಾಟಾಗಳೂ 4 ಇಂಟರ್‌ಲ್ಯೂಡ್‌ಗಳೂ ಇವೆ. 88 ಕೀಗಳ ಪೈಕಿ 45 ಸ್ವರಗಳನ್ನು ಸಜ್ಜುಗೊಳಿಸಬೇಕು. ಅದಕ್ಕೇ ಎರಡು ಮೂರು ಗಂಟೆ ಹಿಡಿಯುತ್ತದೆ. ಈ ಕೃತಿಯ ಬೇರು ಭಾರತದ ಚಿಂತನೆಯಲ್ಲಿದೆ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದ ಅಹಮದಾಬಾದಿನ ಗೀತಾ ಸಾರಾಭಾಯಿ ಕೇಜ್‌ನಿಂದ ಪಾಶ್ಚಾತ್ಯ ಸಂಗೀತದ ಪಾಠ ಪಡೆದು, ಪ್ರತಿಯಾಗಿ ಭಾರತೀಯ ಸಂಗೀತದ ಪಾಠ ಹೇಳಿದಳು. ಮನಸ್ಸನ್ನು ತಿಳಿಗೊಳಿಸಿ ದೈವಕ್ಕೆ ತೆರೆಯುವುದೇ ಸಂಗೀತದ ಗುರಿ ಎಂದು ಆಕೆ ತನ್ನ ಗುರುವಿನಿಂದ ಕಲಿತದ್ದು ಕೇಜ್‌ನ ಮನಸ್ಸಿನಲ್ಲಿ ನೆಲೆಯೂರಿತು. ಕಲಾಚಿಂತಕ ಆನಂದ ಕುಮಾರಸ್ವಾಮಿಯ ಬರಹಗಳಿಂದ ಆತ ರಸತತ್ತ್ವವನ್ನು ಅರಿತ. ವೀರ, ಶೃಂಗಾರ, ಅದ್ಭುತ, ಹಾಸ್ಯ, ಕರುಣ, ಭಯಾನಕ, ರೌದ್ರ, ಬೀಭತ್ಸ ಇವೆಲ್ಲ ಶಾಂತದತ್ತ ವಾಲುವುದನ್ನು ನಾದದಲ್ಲಿ ಕಾಣಿಸುವುದು ಕೃತಿಯ ಉದ್ದೇಶ. ಯಾವ ಭಾಗಕ್ಕೆ ಯಾವ ರಸ ಎಂದು ಆತ ಗುರುತು ಹಾಕಿಲ್ಲ. ಆ ಸ್ವಾತಂತ್ರ್ಯ ಕೇಳುಗನದು. ಕೃತಿಯನ್ನು ಪಿಯಾನೊ ವಾದಕಿ ಮಾರೊ ಅಜೆಮಿಯನ್‌ಗೆ ಅರ್ಪಿಸಲಾಗಿದ್ದು, 1949ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗೀ ರಿಸೈಟಲ್ ಹಾಲ್‌ನಲ್ಲಿ ಆಕೆಯೇ ಅದನ್ನು ನುಡಿಸಿದಳು.

ಪ್ರಭಾವ

ಎಸ್ಟೋನಿಯದ ಆರ್ವೊ ಪ್ಯಾರ್ಟ್ ತನ್ನ 'ತಾಬುಲಾ ರಾಸಾ' (1977) ಕೃತಿಯಲ್ಲಿ ಈ ವಾದ್ಯಕ್ಕೆ ಘಂಟಾನಾದದ ಪಾತ್ರ ಕೊಟ್ಟ. ಹೌಷ್ಕ ಎಂಬ ಹೆಸರಿನಲ್ಲಿ ನುಡಿಸುವ ಜರ್ಮನಿಯ ಫೋಲ್ಕರ್ ಬರ್ಟೆಲ್ಮನ್ ಇದನ್ನು ಜನಪ್ರಿಯ ಕಚೇರಿಗಳಿಗೆ ಒಯ್ದಿದ್ದಾನೆ.

ಎಲ್ಲಕ್ಕಿಂತ ಆಳವಾದ ಪರಿಣಾಮ ಕೇಜ್‌ನ ಮೇಲೆಯೇ ಆಯಿತು. ಒಂದು ಪಿಯಾನೊದಿಂದ ಇನ್ನೊಂದಕ್ಕೆ ತಂತಿಯ ಉದ್ದ, ಒಳಗಿನ ಅಳತೆ ಬೇರೆಯಾಗಿದ್ದರಿಂದ, ಪಟ್ಟಿಯನ್ನು ಅಕ್ಷರಶಃ ಪಾಲಿಸಿದರೂ ಅದೇ ನಾದ ಬರುತ್ತಿರಲಿಲ್ಲ. ಆತ ಮೊದಲು ಇದರಿಂದ ಬೇಸರಪಟ್ಟ. ಆಮೇಲೆ ಬಂದ ನಾದವನ್ನು ಬಂದಂತೆ ಸ್ವೀಕರಿಸಲು ಕಲಿತ. 1950ರ ದಶಕದಲ್ಲಿ ಆಕಸ್ಮಿಕಕ್ಕೆ ಬಾಗಿಲು ತೆರೆದ ಆತನ ರಚನೆಗಳಿಗೆ ಈ ಅನುಭವ ನೆಲ ಹದಮಾಡಿತು. ರಚನಕಾರ ಬರೆದುಕೊಡುವುದು ಕೈಯ ಕೆಲಸವನ್ನಷ್ಟೇ, ನಾದ ಆಯಾ ವಾದ್ಯದ್ದು, ಆಯಾ ಹೊತ್ತಿನದು ಎಂಬ ಅರಿವು ಪ್ರಯೋಗಶೀಲ ಸಂಗೀತಕ್ಕೆ ಪ್ರಿಪೇರ್ಡ್ ಪಿಯಾನೊ ಕೊಟ್ಟ ದೊಡ್ಡ ಕೊಡುಗೆ.