ಶಾಸನದ ಓದಿನಿಂದ ಶಿಲ್ಪದ ನೋಟಕ್ಕೆ

ಹಾಸನ, ಸಾಲಗಾಮೆ ಆಸುಪಾಸಿನ ವಿದ್ಯಾರ್ಥಿಗೆ ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ಅಲ್ಲಿನ ಹೊಯ್ಸಳ ಗುಡಿಗಳನ್ನು ಕಲೆಯಾಗಿ ಅಭ್ಯಾಸ ಮಾಡುವ ವಿದ್ಯೆ ಬೆಳೆದದ್ದೆಲ್ಲ ದೂರದ ಊರುಗಳಲ್ಲಿ.

1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಧಾರವಾಡ–ಮೈಸೂರು ವಾಸ್ತುವಿನ ಛಾಯಾಚಿತ್ರ ಗ್ರಂಥವನ್ನು ಹೊರತಂದರು. ಹತ್ತು ವರ್ಷಗಳ ನಂತರ ಫರ್ಗುಸನ್ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಎದುರು ನಿಲ್ಲಿಸಿ, ವಾಸ್ತುಕಲೆಯ ಎರಡು ತುದಿಗಳು ಇವು ಎಂದು ಬರೆದರು. ಮೆಚ್ಚುಗೆಯೇನೋ ದೊಡ್ಡದು, ಹೊಯ್ಸಳರದನ್ನು ಮಾತ್ರ ಚಾಲುಕ್ಯ ಶೈಲಿಯ ಲೆಕ್ಕಕ್ಕೇ ಸೇರಿಸಿಬಿಟ್ಟರು.

ಹೊಯ್ಸಳರದನ್ನು ಆ ಲೆಕ್ಕದಿಂದ ಬಿಡಿಸಲು ದಾರಿ ಮಾಡಿದ್ದು ಶಾಸನ. ಬಿ.ಎಲ್. ರೈಸ್ ಅವರ ಹಾಸನ ಜಿಲ್ಲೆಯ ಶಾಸನ ಸಂಪುಟ 1902ರಲ್ಲಿ ಬಂತು. ಮುಂದೆ ಆರ್. ನರಸಿಂಹಾಚಾರ್ಯರು ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಮೇಲೆ ಒಂದೊಂದು ಪುಸ್ತಕ ಬರೆದರು. ವಿಗ್ರಹಗಳ ಕೆಳಗೆ ಶಿಲ್ಪಿಗಳು ಕೊರೆದ ಹೆಸರುಗಳಿಗೆ ಅವರು ಕೊಟ್ಟ ಗಮನವನ್ನು ನಾನು ಕನ್ನಡ ನಾಡಿನ ಕಲಾ ಇತಿಹಾಸದ ನಿಜವಾದ ಆರಂಭವೆಂದು ತಿಳಿಯುತ್ತೇನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ನಮಗೆ ಹೆಸರು ಹಿಡಿದು ಸಿಕ್ಕಿದ್ದು ಹೀಗೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಎಂ.ಎಚ್. ಕೃಷ್ಣ ಅವರೇ ಪುರಾತತ್ವ ಇಲಾಖೆಯನ್ನೂ ನಡೆಸಿದರು. ಪಾಠ ಮತ್ತು ಕ್ಷೇತ್ರಕಾರ್ಯ ಒಬ್ಬರಲ್ಲೇ ಕೂಡಿದ ಕಾಲ ಅದು.

ಆಮೇಲೆ ಓದು ಎರಡಾಗಿ ಸೀಳಿತು. ಲಿಪಿ, ರಾಜವಂಶ, ಕಾಲನಿರ್ಣಯ ಇತಿಹಾಸ ವಿಭಾಗಗಳ ಪಾಲಾದವು. ರೇಖೆ, ಆಕಾರ, ಸಂಯೋಜನೆ ಬರೋಡ ಮತ್ತು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಲಾಶಾಲೆಗಳಿಗೆ ಹೋದವು. ಈ ಸೀಳಿನಿಂದ ಇಬ್ಬರಿಗೂ ನಷ್ಟವಾಗಿದೆ. ಧಾರವಾಡದಲ್ಲಿ ಷ. ಶೆಟ್ಟರ್ ಎರಡನ್ನೂ ಬೆಸೆದರು. 1992ರಲ್ಲಿ ಬಂದ ಹೊಯ್ಸಳ ದೇವಾಲಯಗಳ ಎರಡು ಸಂಪುಟಗಳು ಅದರ ಫಲ. ಎಂ.ಎ. ಢಾಕಿಯವರು 1977ರಲ್ಲೇ ಶಾಸನಗಳ ಪರಿಭಾಷೆಯಿಂದ ಶಿಖರಗಳ ಬಗೆ ಗುರುತಿಸಲು ಕಲಿಸಿದ್ದರು. ದೊಡ್ಡಗದ್ದವಳ್ಳಿಯ ನಾಲ್ಕು ಗರ್ಭಗುಡಿಗಳಲ್ಲಿ ಮೂರರ ಮೇಲೆ ಮೆಟ್ಟಿಲು ಮೆಟ್ಟಿಲಾದ ಶಿಖರ, ಒಂದರ ಮೇಲೆ ಬೇರೆಯದೇ ಬಗೆ ಏಕೆ ಎಂದು ಕೇಳುವುದು ಅಂಥ ಓದಿನಿಂದ ಸಾಧ್ಯವಾಯಿತು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. 1246ರ ಲಕ್ಷ್ಮೀನರಸಿಂಹ ಗುಡಿಯ ದಕ್ಷಿಣದ ಗೋಡೆಯಲ್ಲಿ ಬೈಚೋಜ, ಉತ್ತರದಲ್ಲಿ ಮಲ್ಲಿತಮ್ಮ ಕೆಲಸ ಮಾಡಿದ್ದಾರೆ. ಹೆಸರು ಮುಚ್ಚಿಕೊಂಡು ಎರಡೂ ಕಡೆ ಸುತ್ತಿ, ಮುಖದ ದುಂಡು, ಒಡವೆಯ ಕೊರೆತ, ಮೈಯ ಬಾಗು ಎಲ್ಲಿ ಬದಲಾಯಿತು ಎಂದು ಹೇಳಬಲ್ಲ ವಿದ್ಯಾರ್ಥಿ ಈ ವಿದ್ಯೆಯ ಅರ್ಧ ಕಲಿತಂತೆ. ಕೆಲ್ಲೆಸನ್ ಕಾಲಿಯರ್ 1990ರ ತಮ್ಮ ಪುಸ್ತಕದಲ್ಲಿ ಹೊಯ್ಸಳ ಶಿಲ್ಪಿಗಳ ಶೈಲಿಗಳನ್ನು ಹೀಗೆ ಬೇರ್ಪಡಿಸಿ ನೋಡಿದರು.

2023ರಲ್ಲಿ ಇಲ್ಲಿನ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ, ಹಾಸನ ವಿಶ್ವವಿದ್ಯಾನಿಲಯವಾಯಿತು. ಅದೇ ವರ್ಷ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲಾ ಇತಿಹಾಸವನ್ನು ಈ ಜಿಲ್ಲೆಯಲ್ಲೇ ಕಲಿಸಲು ಇದಕ್ಕಿಂತ ಬೇರೆ ಕಾರಣ ಬೇಡ. ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಅಳತೆ, ನಕ್ಷೆಯ ತರಬೇತಿ ಪಡೆದವರೂ ಜೊತೆಗೂಡಬಹುದು. ಸಂಶೋಧನೆಗೆ ವಿಷಯವೂ ಕಾದಿದೆ: ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, ಹದಿಮೂರನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲಿಯೂ ಇದೆ. ಒಬ್ಬನೇ ಅಷ್ಟು ದೀರ್ಘಕಾಲ ಉಳಿ ಹಿಡಿದನೇ, ಅಥವಾ ಆ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರೇ ಎಂಬುದನ್ನು ಗೋಡೆಯಿಂದ ಗೋಡೆಗೆ ಹೋಲಿಸಿ ನೋಡಿಯೇ ತೀರ್ಮಾನಿಸಬೇಕು.